ಟ್ಲಿಂಗಿಟ್ ಮರಗೆಲಸ ಸಂಗ್ರಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ವ್ಯಾಂಕೂವರ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಅಲಾಸ್ಕಾ ಕ್ರೂಸ್‌ಗೆ ಹೋಗಿಬಂದವರು ಬೇಕಾದಷ್ಟು ಜನ ಇದ್ದಾರೆ. ಜೂನೋದಲ್ಲೋ ಕೆಚಿಕನ್‌ನಲ್ಲೋ ಹಡಗಿನಿಂದ ಇಳಿದಾಗ ಕಣ್ಣಿಗೆ ಬೀಳುವ ಕಪ್ಪು-ಕೆಂಪು ಬಣ್ಣದ ಮುಖವಾಡ, ದೋಣಿಯ ಹುಟ್ಟು, ಪೆಟ್ಟಿಗೆಗಳು ಕೆಲವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತವೆ. ಒಂದು ಕೊಂಡವರು ಎರಡನೆಯದಕ್ಕೆ ಹುಡುಕತೊಡಗುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಟ್ಲಿಂಗಿಟ್ ಜನ ಯಾರು?

ಅಲಾಸ್ಕಾದ ಆಗ್ನೇಯ ಕರಾವಳಿಯ ಮೂಲನಿವಾಸಿಗಳು. ಕೆನಡಾದ ಯುಕಾನ್ ಮತ್ತು ಬ್ರಿಟಿಷ್ ಕೊಲಂಬಿಯಾದ ಒಳನಾಡಿನಲ್ಲೂ ಇದ್ದಾರೆ. ಸಿಟ್ಕಾ, ಜೂನೋ, ಹೂನಾ, ಆಂಗೂನ್, ಕೇಕ್, ರ‍್ಯಾಂಗಲ್, ಯಾಕುಟಾಟ್, ಕ್ಲುಕ್ವಾನ್ ಅವರ ಊರುಗಳು. ಇಡೀ ಸಮಾಜ ಎರಡು ಪಂಗಡ: ಒಂದು ರೇವನ್ ಕಾಗೆಯದು, ಇನ್ನೊಂದು ಹದ್ದು ಅಥವಾ ತೋಳದ್ದು. ಪಂಗಡದೊಳಗೆ ಹಲವು ಕುಲಗಳು, ಕುಲದೊಳಗೆ ಮನೆತನಗಳು. ಕುಲ ತಾಯಿಯಿಂದ ಬರುತ್ತದೆ. ಮದುವೆ ಆಗುವುದು ಎದುರು ಪಂಗಡದವರನ್ನು. ಇಷ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಎಷ್ಟೋ ವಿಷಯಕ್ಕೆ ಇದೇ ಬುಡ.

ಹೈಡಾ, ಸಿಮ್ಶಿಯನ್ ಅಂತಲೂ ಅಂಗಡಿಯಲ್ಲಿ ಹೇಳ್ತಾರೆ. ಎಲ್ಲ ಒಂದೇ ಅಲ್ವಾ?

ಅಲ್ಲ. ನೆರೆಹೊರೆಯವರು, ಆದರೆ ಬೇರೆ ಬೇರೆ ಜನ, ಬೇರೆ ಬೇರೆ ಭಾಷೆ. ಚಿತ್ರ ಬರೆಯುವ ವ್ಯಾಕರಣ ಮಾತ್ರ ಬಹುಪಾಲು ಒಂದೇ. ಅದಕ್ಕೇ ಹೊಸಬರಿಗೆ ಗೊಂದಲ. "ಅಲಾಸ್ಕಾ ಟ್ರೈಬಲ್ ಆರ್ಟ್" ಅಂತಷ್ಟೇ ಹೇಳಿ ಸುಮ್ಮನಾಗುವ ಅಂಗಡಿಯವರ ಹತ್ತಿರ ಕೊಳ್ಳಬೇಡಿ. ಯಾವ ಜನ, ಯಾವ ಊರು, ಯಾರ ಕೈ ಅನ್ನುವುದು ಗೊತ್ತಿರಬೇಕು.

ಅದೇನು ಆ ಚಿತ್ರದ ವ್ಯಾಕರಣ?

ಅದನ್ನು ಫಾರ್ಮ್‌ಲೈನ್ ಅನ್ನುತ್ತಾರೆ. ಆ ಹೆಸರನ್ನು ಬಳಕೆಗೆ ತಂದವರು ಸಿಯಾಟಲ್‌ನ ವಿದ್ವಾಂಸ ಬಿಲ್ ಹೋಮ್, 1965ರಲ್ಲಿ. ಪದ್ಧತಿ ಮಾತ್ರ ಬಹಳ ಹಳೆಯದು.

ಒಂದು ಹಳೆಯ ಪೆಟ್ಟಿಗೆಯ ಮುಂಭಾಗವನ್ನು ಹತ್ತಿರದಿಂದ ನೋಡಿ. ಕಪ್ಪು ಗೆರೆಯೊಂದು ಹೊರಡುತ್ತದೆ. ಅದು ಎಲ್ಲೂ ಒಂದೇ ದಪ್ಪ ಇರುವುದಿಲ್ಲ. ಉಬ್ಬುತ್ತದೆ, ತೆಳುವಾಗುತ್ತದೆ, ತಿರುವಿನಲ್ಲಿ ಕವಲೊಡೆಯುತ್ತದೆ, ಇನ್ನೊಂದು ಗೆರೆಯೊಳಗೆ ಸೇರಿಕೊಳ್ಳುತ್ತದೆ. ಹಾಗೇ ಹರಿಯುತ್ತಾ ಪ್ರಾಣಿಯ ಇಡೀ ಮೈಯನ್ನು ಕಟ್ಟುತ್ತದೆ. ಕಣ್ಣು, ಕೀಲು, ರೆಕ್ಕೆಯ ಬುಡ ಬರುವ ಕಡೆ ಓವಾಯ್ಡ್ ಎಂಬ ಆಕಾರ ಇರುತ್ತದೆ. ಅದು ಬರೀ ಮೊಟ್ಟೆಯಾಕಾರವಲ್ಲ. ಮೇಲಂಚು ಕಮಾನಿನಂತೆ ಬಿಗಿಯಾಗಿ ಉಬ್ಬಿರುತ್ತದೆ, ಕೆಳಂಚು ನಡುವಿನಲ್ಲಿ ತುಸು ಒಳಕ್ಕೆ ಬಾಗಿರುತ್ತದೆ. ಇಂಗ್ಲಿಷಿನ ಯು ಅಕ್ಷರದಂಥ ಆಕಾರಗಳು ಗರಿ, ಕಿವಿ, ಬಾಲ ಆಗುತ್ತವೆ. ಮುಖ್ಯ ಗೆರೆ ಸಾಮಾನ್ಯವಾಗಿ ಕಪ್ಪು. ಒಳಗಿನ ಎರಡನೇ ಗೆರೆಗಳು ಕೆಂಪು. ಉಳಿದ ಜಾಗದಲ್ಲಿ ಕೆಲವು ಕಡೆ ನೀಲಿ-ಹಸಿರು, ಅದನ್ನು ತುಸು ಕೊರೆದು ಒಳಕ್ಕೆ ಇಳಿಸಿರುತ್ತಾರೆ.

ಈ ಹರಿವು ಒಮ್ಮೆ ಕಣ್ಣಿಗೆ ಹತ್ತಿದರೆ ನಕಲಿ ಮಾಲು ಅರ್ಧ ಅಲ್ಲೇ ಸಿಕ್ಕಿಬೀಳುತ್ತದೆ. ನಕಲಿಯಲ್ಲಿ ಗೆರೆ ಎಲ್ಲಾ ಕಡೆ ಒಂದೇ ದಪ್ಪ. ಓವಾಯ್ಡ್ ಸುಮ್ನೆ ಒಂದು ಸುತ್ತು. ಒಂದು ಆಕಾರಕ್ಕೂ ಪಕ್ಕದ ಆಕಾರಕ್ಕೂ ಸಂಬಂಧವೇ ಇರುವುದಿಲ್ಲ.

ಸಂಗ್ರಹಕ್ಕೆ ಯಾವ ಯಾವ ವಸ್ತು ಸಿಗುತ್ತವೆ?

ಹುಟ್ಟು, ಚಮಚ, ಸೌಟು, ಬಟ್ಟಲು, ಗೋಡೆಗೆ ಹಾಕುವ ಕೆತ್ತಿದ ಹಲಗೆ, ಮುಖವಾಡ, ಗಿಲಕಿ, ಪುಟ್ಟ ದೋಣಿ, ಪುಟ್ಟ ಟೋಟೆಮ್ ಕಂಬ (ಕುಲದ ಲಾಂಛನಗಳನ್ನು ಒಂದರ ಮೇಲೊಂದು ಕೆತ್ತಿದ ಕಂಬ), ಕುಣಿತದ ಕೋಲು. ನನಗೆ ಅತಿ ಪ್ರೀತಿಯವು ಎರಡು.

ಒಂದು, ಬಗ್ಗಿಸಿ ಮಾಡಿದ ಪೆಟ್ಟಿಗೆ. ಅದರ ನಾಲ್ಕು ಗೋಡೆಗೂ ಒಂದೇ ಹಲಗೆ. ಹಲಗೆಗೆ ಅಡ್ಡಲಾಗಿ ಮೂರು ಕಡೆ ಉದ್ದನೆಯ ಕಚ್ಚು ತೋಡುತ್ತಾರೆ. ಹಬೆ ಕೊಟ್ಟು ಮರ ಮೆತ್ತಗಾದಾಗ ಆ ಮೂರು ಕಡೆ ಮಡಿಸುತ್ತಾರೆ. ನಾಲ್ಕನೇ ಮೂಲೆಯಲ್ಲಿ ಎರಡು ತುದಿ ಕೂಡುತ್ತವೆ. ಅಲ್ಲಿ ಮರದ ಮೊಳೆ ಹೊಡೆಯುತ್ತಾರೆ, ಇಲ್ಲವೇ ಸ್ಪ್ರೂಸ್ ಮರದ ಬೇರಿನಿಂದ ಹೊಲಿಯುತ್ತಾರೆ. ಆಮೇಲೆ ತಳದ ಹಲಗೆ ಕೂರಿಸುತ್ತಾರೆ. ಒಳ್ಳೆಯ ಪೆಟ್ಟಿಗೆಯಲ್ಲಿ ನೀರು ಸೋರುವುದಿಲ್ಲ. ಹಿಂದೆ ಇಂಥದ್ದರಲ್ಲಿ ನೀರು ತುಂಬಿ, ಕಾದ ಕಲ್ಲು ಹಾಕಿ ಅಡುಗೆಯನ್ನೇ ಮಾಡುತ್ತಿದ್ದರು. ಕೊಳ್ಳುವಾಗ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ. ಮೂರು ಮೂಲೆಯಲ್ಲಿ ಮರದ ಎಳೆ ಮುರಿಯದೆ ತಿರುಗಿರಬೇಕು, ಒಂದರಲ್ಲಿ ಮಾತ್ರ ಕೂಡು ಕಾಣಬೇಕು. ನಾಲ್ಕೂ ಕಡೆ ಕೂಡು ಇದ್ದರೆ ಅದು ಬೇರೆ ಬಗೆಯ ಪೆಟ್ಟಿಗೆ, ಬೆಲೆಯೂ ಅದಕ್ಕೆ ತಕ್ಕಂತೆ ಇರಬೇಕು.

ಎರಡನೆಯದು ಹಾಲಿಬಟ್ ಮೀನಿನ ಗಾಳ. ಎರಡು ಕೈಗಳ, ಒಂದು ಬದಿ ತೆರೆದ ಗಾಳ. ಒಂದು ಕೈ ಹಗುರ ಮರದ್ದು, ಇನ್ನೊಂದು ಭಾರದ್ದು. ಎರಡನ್ನೂ ಬೇರಿನಿಂದ ಬಿಗಿದು ಕಟ್ಟಿರುತ್ತಾರೆ. ಮೂಳೆಯದ್ದೋ ಕಬ್ಬಿಣದ್ದೋ ಒಂದು ಮುಳ್ಳು. ಕೆತ್ತನೆ ಇರುವುದು ಒಂದೇ ಕೈಯಲ್ಲಿ. ನೀರಿನಡಿ ಗಾಳ ತೇಲುವಾಗ ಆ ಕೆತ್ತಿದ ಮುಖ ಕೆಳಗೆ ತಿರುಗಿ ಮೀನನ್ನು ನೋಡುತ್ತದೆ. ಮನುಷ್ಯರಿಗೆ ಕಾಣಲಿ ಅಂತ ಮಾಡಿದ್ದಲ್ಲ ಅದು. ಗಾಳದ ಅಳತೆಯೂ ಲೆಕ್ಕಾಚಾರದ್ದು. ಚಿಕ್ಕ ಮೀನು, ವಿಪರೀತ ದೊಡ್ಡ ಮೀನು ಎರಡೂ ಸುಲಭಕ್ಕೆ ಸಿಗುವುದಿಲ್ಲ. ಇವತ್ತಿನ ಕೆತ್ತುವವರು ಗೋಡೆಗೆ ಹಾಕುವ ಗಾಳಗಳನ್ನು ಮಾಡುತ್ತಾರೆ, ಮೀನು ಹಿಡಿಯುವಂಥವನ್ನೂ ಮಾಡುತ್ತಾರೆ. ಹೊಸ ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಮೊದಲ ವಸ್ತು ನನಗೆ ಹೊಳೆಯುವುದಿಲ್ಲ.

ಯಾವ ಮರ? ಯಾವ ಬಣ್ಣ?

ಕಂಬ, ದೋಣಿ, ಪೆಟ್ಟಿಗೆಗೆ ಕೆಂಪು ಸೀಡರ್. ಆದರೆ ಅದು ಟ್ಲಿಂಗಿಟ್ ನಾಡಿನ ದಕ್ಷಿಣ ಭಾಗದಲ್ಲಿ ಮಾತ್ರ ಬೆಳೆಯುತ್ತದೆ, ಉತ್ತರದ ಊರುಗಳಲ್ಲಿ ಸ್ಪ್ರೂಸ್ ಬಳಕೆ ಜಾಸ್ತಿ. ಹುಟ್ಟಿಗೆ ಹಳದಿ ಸೀಡರ್. ಬಟ್ಟಲು, ಚಮಚ, ಮುಖವಾಡಕ್ಕೆ ಆಲ್ಡರ್. ಆಲ್ಡರ್ ಊಟಕ್ಕೆ ತನ್ನ ರುಚಿ ಹತ್ತಿಸುವುದಿಲ್ಲ, ಹಸಿಯಾಗಿದ್ದಾಗ ಕೆತ್ತಲು ಸಲೀಸು.

ಹಳೆಯ ಕಾಲದಲ್ಲಿ ಕಪ್ಪಿಗೆ ಇದ್ದಿಲು, ಕೆಂಪಿಗೆ ಕೆಮ್ಮಣ್ಣು, ನೀಲಿ-ಹಸಿರಿಗೆ ಖನಿಜ. ಸೀಡರ್ ತೊಗಟೆಯ ಜೊತೆ ಸಾಲ್ಮನ್ ಮೀನಿನ ಮೊಟ್ಟೆ ಜಗಿದು, ಆ ರಸದಲ್ಲಿ ಬಣ್ಣ ಕಲಸುತ್ತಿದ್ದರು. ವ್ಯಾಪಾರದ ಹಡಗುಗಳು ಬಂದ ಮೇಲೆ ಚೀನಾದ ಇಂಗಲೀಕ ಎಂಬ ಕಡುಗೆಂಪು ಬಣ್ಣ ಬಂತು. ಇವತ್ತು ಬಹುತೇಕರು ಅಕ್ರಿಲಿಕ್ ಬಳಸುತ್ತಾರೆ. ಅದು ಮೋಸವೇನಲ್ಲ. ಬಾಚಿ ಮತ್ತು ಬಾಗಿದ ಚಾಕು ಮಾತ್ರ ಈಗಲೂ ಕೈಬಿಟ್ಟಿಲ್ಲ. ಬಾಚಿಯ ಏಟಿನ ಗುರುತು ಸಾಲುಸಾಲಾಗಿ ಉಳಿಸಿರುವ ಕೆಲಸ ಸಿಕ್ಕರೆ, ಬೆಳಕನ್ನು ಒಂದು ಪಕ್ಕದಿಂದ ಬಿಟ್ಟು ನೋಡಿ.

ದುಡ್ಡು ಕೊಟ್ಟು ಕೊಂಡ ಮೇಲೆ ವಸ್ತು ಪೂರ್ತಿ ನನ್ನದೇ ಅಲ್ವಾ?

ಮರ ನಿಮ್ಮದು. ಅದರ ಮೇಲಿನ ಲಾಂಛನ ನಿಮ್ಮದಲ್ಲ. ಸಂಗ್ರಹಕ್ಕೆ ಇಳಿಯುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದ್ದು ಇದು.

ಪ್ರತಿ ಕುಲಕ್ಕೂ ತನ್ನದೇ ಲಾಂಛನಗಳಿವೆ: ಓರ್ಕಾ ತಿಮಿಂಗಿಲ, ಕಪ್ಪೆ, ಬೀವರ್, ಕರಡಿ. ಅವುಗಳ ಹಿಂದೆ ಕಥೆ, ಹಾಡು, ಹೆಸರು, ಊರು ಎಲ್ಲ ಇದೆ. ಹಿಂದಿನವರು ಅವುಗಳಿಗಾಗಿ ಪ್ರಾಣ ಕೊಟ್ಟ ಸಂಗತಿಗಳೂ ಇವೆ. ಇಂಥ ಕುಲದ ಆಸ್ತಿಯನ್ನು ಅವರು ಆಟ್‌ಊ ಎನ್ನುತ್ತಾರೆ. ಒಂದು ಟೊಪ್ಪಿಗೆಯೋ ಕಂಬವೋ ಬೇಕಾದರೆ ಕುಲದವರು ಎದುರು ಪಂಗಡದ ಕೆಲಸಗಾರನಿಗೆ ಹೇಳಿ ಮಾಡಿಸುತ್ತಾರೆ. ಆಮೇಲೆ ದೊಡ್ಡ ಔತಣ ಇಟ್ಟು, ಎದುರು ಪಂಗಡದವರಿಗೆ ಉಡುಗೊರೆ ಕೊಟ್ಟು, ಅವರನ್ನೇ ಸಾಕ್ಷಿಯಾಗಿಸಿಕೊಂಡು ಅದನ್ನು ಹೊರಗೆ ತರುತ್ತಾರೆ. ಅಲ್ಲಿಂದ ಅದು ಇಡೀ ಕುಲದ್ದು. ಕಾಯುವ ಯಜಮಾನ ಒಬ್ಬ ಇರುತ್ತಾನೆ, ಆದರೆ ಮಾರುವ ಹಕ್ಕು ಅವನಿಗಿಲ್ಲ. ಊರ ದೇವರ ಉತ್ಸವಮೂರ್ತಿಯನ್ನು ಅರ್ಚಕರು ಮಾರಿಕೊಂಡರೆ ನಾವು ಒಪ್ಪುತ್ತೇವಾ? ಹಾಗೇ ಇದು.

ಇವತ್ತಿನ ಕಲಾವಿದ ಮಾರಾಟಕ್ಕೆಂದೇ ಮಾಡಿದ ಹಲಗೆ, ಬಟ್ಟಲು, ಮುಖವಾಡ ಬೇರೆ. ಅವನ್ನು ನಿಶ್ಚಿಂತೆಯಿಂದ ಕೊಳ್ಳಿ. ಆದರೆ ಅದರ ಚಿತ್ರವನ್ನು ಟೀ ಶರ್ಟಿಗೆ ಅಚ್ಚು ಹಾಕಿಸುವುದು, ನಿಮ್ಮ ಕಂಪನಿಯ ಲೋಗೋ ಮಾಡಿಕೊಳ್ಳುವುದು ಬೇಡ.

ಹಾಗಾದರೆ ಹಳೆಯ ವಸ್ತು ಕೊಳ್ಳಲೇಬಾರದಾ?

ಕುಲದ ಟೊಪ್ಪಿಗೆ, ಮನೆಯ ಕಂಬ, ಗೋಡೆಯ ತೆರೆ (ಲಾಂಛನ ಬಿಡಿಸಿದ ಹಲಗೆಗಳ ಅಡ್ಡಗೋಡೆ), ವೈದ್ಯ-ಮಂತ್ರವಾದಿಗಳ ಮುಖವಾಡ ಮತ್ತು ಗಿಲಕಿ ಇವನ್ನು ಮುಟ್ಟಬೇಡಿ. ಎಷ್ಟೇ ಚಂದ ಇರಲಿ, ಎಷ್ಟೇ ಸೋವಿ ಸಿಗಲಿ.

ಕಾರಣಕ್ಕೆ ಕ್ಲುಕ್ವಾನ್‌ನ ಕಥೆ ಕೇಳಿ. ಅಲ್ಲಿನ ಗಾನಾಖ್‌ತೇದಿ ಕುಲದ ತಿಮಿಂಗಿಲ ಮನೆಯಲ್ಲಿ ನಾಲ್ಕು ಕೆತ್ತಿದ ಕಂಬ ಮತ್ತು ಒಂದು ದೊಡ್ಡ ಮರದ ತೆರೆ ಇದ್ದವು. ಇಡೀ ಕರಾವಳಿಯಲ್ಲೇ ಅವುಗಳಿಗೆ ಸಾಟಿಯಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಲೂಯಿ ಶಾಟ್ರಿಜ್ ಆ ಊರಲ್ಲೇ ಹುಟ್ಟಿದ ಟ್ಲಿಂಗಿಟ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂಗಾಗಿ ವಸ್ತು ಕೂಡಿಸುತ್ತಿದ್ದವರು. ಅವರು ಕೇಳಿದಾಗಲೂ ಊರವರು ಕೊಡಲಿಲ್ಲ. 1976ರಲ್ಲಿ ಇಂಥ ವಸ್ತು ಊರ ಹೊರಗೆ ಹೋಗಬಾರದು ಎಂದು ಗ್ರಾಮ ಮಂಡಳಿ ಕಟ್ಟಳೆಯನ್ನೇ ಮಾಡಿತು. ಆದರೂ 1984ರಲ್ಲಿ ಕುಲದವರೇ ಕೆಲವರು ಒಬ್ಬ ವ್ಯಾಪಾರಿಯ ಜೊತೆ ಸೇರಿ ಅವನ್ನು ಸಾಗಿಸಿದರು. ವಸ್ತುಗಳು ಸಿಯಾಟಲ್‌ನ ಗೋದಾಮಿನಲ್ಲಿ ಕೂತವು. ಕೇಸು ಫೆಡರಲ್ ಕೋರ್ಟಿಗೆ ಹೋಗಿ, ಮತ್ತೆ ಬುಡಕಟ್ಟಿನ ಕೋರ್ಟಿಗೆ ಬಂತು. 1993ರಲ್ಲಿ ವಾಪಸ್ ಕೊಡಿ ಎಂದು ಆ ಕೋರ್ಟು ತೀರ್ಪು ಕೊಟ್ಟಿತು. 1994ರಲ್ಲಿ ಅವು ಊರು ಸೇರಿದವು. ಹತ್ತು ವರ್ಷ ಒಂದು ಊರಿನ ಎದೆಯೇ ಖಾಲಿಯಾಗಿತ್ತು. ಈಗ ಕ್ಲುಕ್ವಾನ್‌ನಲ್ಲಿ ಜಿಲ್‌ಕಾಟ್ ಕ್ವಾನ್ ಪರಂಪರೆ ಕೇಂದ್ರವಿದೆ, ಹೋಗಿಬನ್ನಿ.

ಸಿಯಾಟಲ್‌ನ ಪಯೊನಿಯರ್ ಸ್ಕ್ವೇರ್‌ನಲ್ಲಿ ಕಾಣುವ ಟೋಟೆಮ್ ಕಂಬದ ಕಥೆಯೂ ಇದೇ ಜಾತಿಯದು. 1899ರಲ್ಲಿ ಸಿಯಾಟಲ್‌ನ ಗಣ್ಯರು ಹಡಗಿನಲ್ಲಿ ಹೋಗಿ ಟಾಂಗಾಸ್ ಎಂಬ ಟ್ಲಿಂಗಿಟ್ ಹಳ್ಳಿಯಿಂದ ಕಂಬ ಕಡಿದು ತಂದು ನಿಲ್ಲಿಸಿದರು. ಕೊನೆಗೆ 500 ಡಾಲರ್ ಕೊಟ್ಟು ಕೈತೊಳೆದುಕೊಂಡರು. 1938ರಲ್ಲಿ ಯಾರೋ ಬೆಂಕಿ ಇಟ್ಟು ಅದು ಹಾಳಾಯಿತು. ಈಗ ಅಲ್ಲಿರುವುದು ಆಮೇಲೆ ಟ್ಲಿಂಗಿಟ್ ಕೆಲಸಗಾರರೇ ಕೆತ್ತಿಕೊಟ್ಟ ಪ್ರತಿ.

ಕಾನೂನು ಏನು ಹೇಳುತ್ತದೆ?

ಮೂರು ಕಾಯ್ದೆ ಗೊತ್ತಿರಲಿ. 1990ರ ಒಂದು ಕಾಯ್ದೆಯ ಪ್ರಕಾರ ಫೆಡರಲ್ ಹಣ ಪಡೆಯುವ ಅಮೆರಿಕದ ಮ್ಯೂಸಿಯಂಗಳು ಪವಿತ್ರ ವಸ್ತು ಮತ್ತು ಕುಲದ ಆಸ್ತಿಯನ್ನು ಅದರ ಜನ ಕೇಳಿದರೆ ವಾಪಸ್ ಕೊಡಬೇಕು. ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂಗಳ ಸಂಸ್ಥೆ ಸ್ಮಿತ್ಸೋನಿಯನ್‌ಗೆ ಬೇರೆಯೇ ಕಾಯ್ದೆ ಇದೆ, ಆ ಸಂಸ್ಥೆಯೂ 2005ರಲ್ಲಿ ಓರ್ಕಾ ತಿಮಿಂಗಿಲದ ಟೊಪ್ಪಿಗೆಯೊಂದನ್ನು ದಕ್ಲಾವೇದಿ ಕುಲಕ್ಕೆ ಮರಳಿಸಿತು. ಎರಡನೆಯದೂ 1990ರದ್ದೇ. ಮೂಲನಿವಾಸಿ ಅಲ್ಲದವರು ಮಾಡಿದ್ದನ್ನು ಅವರದೆಂದು ಹೇಳಿ ಮಾರಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಆಗಬಹುದು. ಮೂರನೆಯದಕ್ಕೆ 2022ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು. ಬುಡಕಟ್ಟುಗಳ ಪರಂಪರೆಯ ವಸ್ತುಗಳನ್ನು ಅಮೆರಿಕದಿಂದ ಹೊರಗೆ ಸಾಗಿಸುವುದನ್ನು ಅದು ತಡೆಯುತ್ತದೆ. ಹಳೆಯ ವಸ್ತುವನ್ನು ಊರಿಗೆ ತರುವ ಯೋಚನೆ ಇದ್ದವರಿಗೆ ಇದು ನೇರವಾಗಿ ತಟ್ಟುತ್ತದೆ.

ಹಳೆಯ ಪ್ರವಾಸಿ ಸರಕು? ಪುಟ್ಟ ಕಂಬ, ಪುಟ್ಟ ದೋಣಿ?

ಅದಕ್ಕೆ ಅಡ್ಡಿಯಿಲ್ಲ. 1880ರ ದಶಕದಿಂದ ಉಗಿಹಡಗಿನಲ್ಲಿ ಪ್ರವಾಸಿಗಳು ಬರತೊಡಗಿದರು. ಅವರಿಗೆ ಮಾರಲೆಂದೇ ಟ್ಲಿಂಗಿಟ್ ಜನ ಪುಟ್ಟ ಕಂಬ, ಹುಟ್ಟು, ಚಮಚ, ಬಟ್ಟಲು ಮಾಡಿದರು. ಸಿಟ್ಕಾದ ರುಡಾಲ್ಫ್ ವಾಲ್ಟನ್ ಅಂಥವರಲ್ಲಿ ಒಬ್ಬರು. ಮರದಲ್ಲೂ ಬೆಳ್ಳಿಯಲ್ಲೂ ಅವರದು ಪಳಗಿದ ಕೈ. ಇಂಥ ಕೆಲಸವನ್ನು ಬಹುಕಾಲ ಕೀಳಾಗಿ ಕಂಡರು, ಅದು ತಪ್ಪು. ಔತಣ ಪದ್ಧತಿಯನ್ನು ಬಿಡಿ ಎಂದು ಮಿಷನರಿಗಳು ಒತ್ತುತ್ತಿದ್ದ ದಿನಗಳಲ್ಲಿ ಬಾಚಿ ಹಿಡಿಯುವ ಕೈ ಮರೆಯದಂತೆ ಕಾಪಾಡಿದ್ದರಲ್ಲಿ ಈ ಪುಟ್ಟ ವಸ್ತುಗಳ ಪಾಲೂ ದೊಡ್ಡದು.

ನಕಲಿ ಗುರುತಿಸುವುದು ಹೇಗೆ?

ಗೆರೆಯ ವಿಷಯ ಆಗಲೇ ಹೇಳಿದೆ. ಆಮೇಲೆ ಅಂಗಡಿಯವರನ್ನು ಕೇಳಿ: ಮಾಡಿದವರ ಹೆಸರೇನು? ಯಾವ ಜನ, ಯಾವ ಕುಲ? ಯಾವ ಮರ? ಯಾವ ವರ್ಷ? ಉತ್ತರ ತಡವರಿಸಿದರೆ ಹೊರಟುಬಿಡಿ. "ಟ್ಲಿಂಗಿಟ್ ಶೈಲಿ" ಎಂಬ ಮಾತು ಕೇಳಿದರೆ ಇನ್ನೂ ಎಚ್ಚರ. ಒಂದೇ ಅಳತೆಯ, ಒಂದೇ ಬಣ್ಣದ ಇಪ್ಪತ್ತು ಕಂಬ ಶೆಲ್ಫಿನಲ್ಲಿ ಸಾಲಾಗಿ ನಿಂತಿದ್ದರೆ ಅವು ಎಲ್ಲಿಂದ ಬಂದವು ಎಂದು ಯೋಚಿಸಿ.

ಇದು ಸಣ್ಣ ಪುಟ್ಟ ಮೋಸವಲ್ಲ. ಕೆಚಿಕನ್‌ನಲ್ಲಿ ಅಂಗಡಿ ನಡೆಸುತ್ತಿದ್ದ ಒಬ್ಬರು ಫಿಲಿಪೈನ್ಸ್‌ನಲ್ಲಿ ಮಾಡಿಸಿದ ಕಲ್ಲಿನ ಕೆತ್ತನೆ ಮತ್ತು ಮರದ ಕಂಬಗಳನ್ನು ಅಲಾಸ್ಕಾ ಮೂಲನಿವಾಸಿಗಳ ಕೆಲಸ ಎಂದು ಮಾರಿದ್ದಕ್ಕೆ 2023ರಲ್ಲಿ 2 ವರ್ಷ ಜೈಲು ಶಿಕ್ಷೆ ಆಯಿತು. ಅಂಥ ಪ್ರತಿ ಕಂಬವೂ ಪಕ್ಕದ ಬೀದಿಯ ನಿಜವಾದ ಕೆಲಸಗಾರನ ಊಟ ಕಸಿದುಕೊಂಡಿದ್ದೇ.

ಅಲಾಸ್ಕಾ ರಾಜ್ಯದ್ದೇ ಸಿಲ್ವರ್ ಹ್ಯಾಂಡ್ ಎಂಬ ಗುರುತು ಇದೆ, ಕೈಯ ಚಿತ್ರವಿರುವ ಚೀಟಿ. ಅದಿದ್ದರೆ ಅಲಾಸ್ಕಾದಲ್ಲಿ ವಾಸಿಸುವ ಮೂಲನಿವಾಸಿ ಕಲಾವಿದರ ಕೆಲಸ ಎಂದರ್ಥ. ಚೀಟಿ ಇಲ್ಲದ್ದೆಲ್ಲ ನಕಲಿ ಅಂದುಕೊಳ್ಳಬೇಡಿ. ಸಿಯಾಟಲ್‌ನಲ್ಲಿ ನೆಲೆಸಿದ ಟ್ಲಿಂಗಿಟ್ ಕಲಾವಿದರಿಗೆ ಅದು ಸಿಗುವುದಿಲ್ಲ.

ಎಲ್ಲಿ ಕೊಳ್ಳಲಿ?

ಆದಷ್ಟು ಕಲಾವಿದರ ಕೈಯಿಂದಲೇ. ಎರಡು ವರ್ಷಕ್ಕೊಮ್ಮೆ ಜೂನ್‌ನಲ್ಲಿ ಜೂನೋದಲ್ಲಿ ಸೆಲೆಬ್ರೇಶನ್ ಎಂಬ ಹಬ್ಬ ನಡೆಯುತ್ತದೆ. 1982ರಲ್ಲಿ ಶುರುವಾದದ್ದು, ಸೀಲಾಸ್ಕಾ ಹೆರಿಟೇಜ್ ಸಂಸ್ಥೆ ನಡೆಸುತ್ತದೆ. ಕುಣಿತದ ಜೊತೆ ಕಲಾ ಸ್ಪರ್ಧೆ, ಮಾರುಕಟ್ಟೆ ಎರಡೂ ಇರುತ್ತವೆ. ಪ್ರವಾಸವನ್ನು ಆ ವಾರಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಬಿಡಬೇಡಿ. ಅದೇ ಸಂಸ್ಥೆಯ ಅಂಗಡಿ ಜೂನೋದ ವಾಲ್ಟರ್ ಸೊಬೊಲೆಫ್ ಕಟ್ಟಡದಲ್ಲಿದೆ. ಕೆಚಿಕನ್ ಪಕ್ಕದ ಸ್ಯಾಕ್ಸ್‌ಮನ್‌ನಲ್ಲಿ ಕೆತ್ತುವ ಕೊಟ್ಟಿಗೆ ಇದೆ. ನೇಥನ್ ಜಾಕ್ಸನ್‌ರಂಥ ಹಿರಿಯರು ಕೆಲಸ ಮಾಡಿದ ಜಾಗ ಅದು. 1995ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋ ಗೌರವ ಪಡೆದ ಅವರ ಕೈಕೆಳಗೆ ಎಷ್ಟೋ ಕಿರಿಯರು ಬಾಚಿ ಹಿಡಿದರು. ಸಿಟ್ಕಾದ ಟಾಮಿ ಜೋಸೆಫ್ ಹಳೆಯ ಯುದ್ಧದ ಶಿರಸ್ತ್ರಾಣ, ಮರದ ಕವಚಗಳನ್ನು ಮತ್ತೆ ಮಾಡಿ ತೋರಿಸಿದವರು. ಹೇನ್ಸ್‌ನ ವೇಯ್ನ್ ಪ್ರೈಸ್ ಇಡೀ ಮರ ಕೊರೆದು ದೋಣಿ ಮಾಡುವುದರಲ್ಲಿ ಹೆಸರಾದವರು.

ಬೆಲೆಯಲ್ಲಿ ಚೌಕಾಸಿ ಮಾಡಬಹುದಾ?

ಮಾಡದಿದ್ದರೆ ಒಳ್ಳೆಯದು. ದೊಡ್ಡ ಕಂಬಕ್ಕೆ ಅಡಿಯ ಲೆಕ್ಕದಲ್ಲಿ ಬೆಲೆ ಹೇಳುವುದುಂಟು. ಚಿಕ್ಕದರಲ್ಲಿ ಕೆಲಸದ ಹೊತ್ತು, ಮರ, ಕೂರಿಸಿದ ಕಪ್ಪೆಚಿಪ್ಪು, ಮಾಡಿದವರ ಹೆಸರು ಎಲ್ಲ ಸೇರುತ್ತದೆ. ದುಡ್ಡು ಕಡಿಮೆ ಇದ್ದರೆ ದೊಡ್ಡ ಮುಖವಾಡದ ಬೆಲೆ ಇಳಿಸಲು ನೋಡಬೇಡಿ. ಒಂದು ಒಳ್ಳೆಯ ಚಮಚ ಕೊಳ್ಳಿ.

ನನಗೆ ಬೇಕಾದಂತೆ ಮಾಡಿಸಿಕೊಳ್ಳಬಹುದಾ?

ಖಂಡಿತ. ವಸ್ತು, ಅಳತೆ, ಮರ, ಬಜೆಟ್ ಹೇಳಿ. ಯಾವ ಪ್ರಾಣಿ ಎನ್ನುವುದನ್ನು ಅವರಿಗೇ ಬಿಡಿ. ತಾವು ಯಾವುದನ್ನು ಕೆತ್ತಬಹುದು, ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತು. "ಆ ಮ್ಯೂಸಿಯಂನಲ್ಲಿರುವ ಟೊಪ್ಪಿಗೆಯಂಥದ್ದೇ ಮಾಡಿಕೊಡಿ" ಎಂದು ಕೇಳುವುದು ಸಲ್ಲ. ಮುಂಗಡ ಕೊಡಿ, ಕಾಯಿರಿ. ವಸ್ತು ಬಂದಾಗ ಅದರ ಕಥೆ ಎರಡು ಸಾಲಿನಲ್ಲಿ ಬರೆದುಕೊಡಲು ಕೇಳಿ, ರಸೀದಿಯ ಜೊತೆಗೇ ಇಟ್ಟುಕೊಳ್ಳಿ.

ಬೆಂಗಳೂರಿಗೋ ಮಂಗಳೂರಿಗೋ ತಂದರೆ ಹಾಳಾಗುತ್ತದಾ?

ಮೊದಲು ವಸ್ತುವಿನ ಮೈಮೇಲೆ ಏನೇನಿದೆ ನೋಡಿ. ಸಮುದ್ರ ಸಿಂಹದ ಮೀಸೆ, ಸಮುದ್ರ ನೀರುನಾಯಿಯ ತುಪ್ಪಳ, ವಾಲ್ರಸ್ ದಂತ ಇದ್ದರೆ ಪರವಾನಗಿ ಇಲ್ಲದೆ ಅಮೆರಿಕದಿಂದ ಹೊರಗೆ ತರಬೇಡಿ. ಹದ್ದಿನ ಗರಿಯನ್ನು ಅಮೆರಿಕದೊಳಗೇ ಮಾರುವಂತಿಲ್ಲ. ಬರೀ ಮರ ಮತ್ತು ಬಣ್ಣದ ವಸ್ತುವಾದರೆ ತಲೆನೋವು ಕಡಿಮೆ. ರಸೀದಿ ಸೂಟ್‌ಕೇಸಿನಲ್ಲಿಡಬೇಡಿ, ಕೈಯಲ್ಲಿರಲಿ.

ಮರಕ್ಕೆ ಶತ್ರು ಎಂದರೆ ಹಠಾತ್ ಬದಲಾವಣೆ. ಹೀಟರ್ ಹಾಕಿದ ಒಣ ಮನೆಯಿಂದ ಮಂಗಳೂರಿನ ಮಳೆಗಾಲಕ್ಕೆ ಬಂದ ಪೆಟ್ಟಿಗೆ ಉಬ್ಬುತ್ತದೆ. ಅದೇ ಕಲಬುರಗಿಯ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಪ್ಯಾಕಿಂಗ್ ಬಿಚ್ಚದೆ ಕೆಲವು ದಿನ ಮನೆಯೊಳಗೇ ಇಟ್ಟು, ಆಮೇಲೆ ನಿಧಾನಕ್ಕೆ ತೆರೆಯಿರಿ. ಬಿಸಿಲು ಬೀಳುವ ಗೋಡೆ, ಎಸಿ ಗಾಳಿ ನೇರ ಹೊಡೆಯುವ ಜಾಗ, ಹೊರಗಿನ ಒದ್ದೆ ಗೋಡೆ ಮೂರೂ ಬೇಡ. ಧೂಳಿಗೆ ಮೃದು ಬ್ರಷ್ ಸಾಕು. ಎಣ್ಣೆ, ವಾರ್ನಿಷ್, ಪಾಲಿಶ್ ಹಚ್ಚಲೇಬೇಡಿ. ಎತ್ತುವಾಗ ಕೊಕ್ಕು, ಕಿವಿ ಹಿಡಿದು ಎತ್ತಬೇಡಿ, ತಳಕ್ಕೆ ಎರಡೂ ಕೈ ಕೊಡಿ. ಮರದಡಿ ಸಣ್ಣ ಪುಡಿ ಬಿದ್ದಿದ್ದು ಕಂಡರೆ ಹುಳ ಹತ್ತಿದೆ ಎಂದೇ ತಿಳಿದು ಬೇರೆ ವಸ್ತುಗಳಿಂದ ದೂರ ಇಡಿ.

ಹಳೆಯ ಎಣ್ಣೆ ಬಟ್ಟಲುಗಳು ಇವತ್ತಿಗೂ ಜಿನುಗುವುದುಂಟು. ಸೀಲ್ ಎಣ್ಣೆ ಕುಡಿದು ಕುಡಿದು ಮರವೇ ಕಪ್ಪಾಗಿರುತ್ತದೆ. ಅದನ್ನು ಸೋಪು ಹಾಕಿ ತೊಳೆಯಬೇಡಿ, ಅದೇ ಅದರ ಬಾಳು. ಹಿಂದೆ ಮ್ಯೂಸಿಯಂನಲ್ಲಿದ್ದು ಹೊರಬಂದ ವಸ್ತುವಾದರೆ ಕೈಗವಸು ಹಾಕಿಕೊಳ್ಳಿ. ಹುಳ ಹಿಡಿಯದಿರಲಿ ಎಂದು ಆಗಿನವರು ಆರ್ಸೆನಿಕ್‌ನಂಥ ವಿಷ ಬಳಿಯುತ್ತಿದ್ದರು.

ಕಣ್ಣು ಪಳಗಿಸಿಕೊಳ್ಳಲು ಎಲ್ಲಿಗೆ ಹೋಗಲಿ?

ಸಿಯಾಟಲ್‌ನಲ್ಲಿದ್ದರೆ ಬರ್ಕ್ ಮ್ಯೂಸಿಯಂ. ನ್ಯೂಯಾರ್ಕ್‌ನಲ್ಲಿದ್ದರೆ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ. ನೌಕಾಪಡೆಯ ಅಧಿಕಾರಿ ಜಾರ್ಜ್ ಎಮನ್ಸ್ 19ನೇ ಶತಮಾನದ ಕೊನೆಯಲ್ಲಿ ಕೂಡಿಸಿದ ರಾಶಿ ಅಲ್ಲಿದೆ. ಅಲಾಸ್ಕಾದಲ್ಲಿ ಸಿಟ್ಕಾದ ಶೆಲ್ಡನ್ ಜಾಕ್ಸನ್ ಮ್ಯೂಸಿಯಂ, ಜೂನೋದ ರಾಜ್ಯ ಮ್ಯೂಸಿಯಂ. 2023ರಲ್ಲಿ ಜೂನೋದ ಸಮುದ್ರದಂಡೆಯುದ್ದಕ್ಕೂ ಹೊಸ ಟೋಟೆಮ್ ಕಂಬಗಳು ನಿಂತಿವೆ, ನೋಡಲು ಟಿಕೆಟ್ ಬೇಡ. ಹೊಸ ಬಣ್ಣ, ಹೊಸ ಮರ, ಇವತ್ತಿನ ಕೈ. ಹಳೆಯದನ್ನು ನೋಡಿದ ಮಾರನೇ ದಿನವೇ ಅವನ್ನು ನೋಡಿ.

ಎಸ್ಟೇಟ್ ಸೇಲ್‌ನಲ್ಲಿ (ತೀರಿಕೊಂಡವರ ಮನೆಯ ಸಾಮಾನಿನ ಮಾರಾಟದಲ್ಲಿ) ಕೊಂಡ ಹಳೆಯ ವಸ್ತು ಕುಲದ್ದು ಅಂತ ಈಗ ಅನುಮಾನ. ಏನು ಮಾಡಲಿ?

ಮಾರಬೇಡಿ, ಯಾರಿಗೂ ಸಾಗಿಸಬೇಡಿ, ಒರೆಸಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ತಳದಲ್ಲಿ ಅಂಟಿಸಿದ ಹಳೆಯ ಚೀಟಿ, ಪೆನ್ಸಿಲ್ ಬರಹ, ನಂಬರ್ ಇದ್ದರೆ ಅದನ್ನೂ. ಅವನ್ನು ಜೂನೋದ ಸೀಲಾಸ್ಕಾ ಹೆರಿಟೇಜ್ ಸಂಸ್ಥೆಗೋ, ಅಲ್ಲೇ ಇರುವ ಟ್ಲಿಂಗಿಟ್ ಮತ್ತು ಹೈಡಾ ಜನರ ಕೇಂದ್ರ ಮಂಡಳಿಗೋ ಕಳಿಸಿ, ಕೊಂಡದ್ದು ಹೇಗೆ ಎಂದು ಇದ್ದದ್ದು ಇದ್ದಂತೆ ಬರೆಯಿರಿ. ಖಾಸಗಿಯವರ ಹತ್ತಿರವಿದ್ದ ವಸ್ತುಗಳು ಹೀಗೆ ತಮ್ಮ ಊರಿಗೆ ಹೋಗಿರುವುದುಂಟು. ಕಳಿಸುವ ಮಾತಾದರೆ ಡಬ್ಬಕ್ಕೆ ಹೇಗೆ ತುಂಬಬೇಕು, ಖರ್ಚು ಯಾರದು ಎನ್ನುವುದನ್ನೂ ಅವರ ಹತ್ತಿರವೇ ಮಾತಾಡಿ ತೀರ್ಮಾನಿಸಿಕೊಳ್ಳಿ. ಕುಲದ ಹಿರಿಯರು ಬಂದು ನೋಡುತ್ತೇವೆ ಅಂದರೆ ಬಾಗಿಲು ತೆರೆಯಿರಿ.